ಸೂರ್ಯಾಸ್ತಕ್ಕೆ ಮೊದಲು ಊಟ, ಮುಂಜಾನೆ ಓಟ: ಜೈನ ಆಹಾರದಲ್ಲಿ ಮ್ಯಾರಥಾನ್ ಸಾಧ್ಯವೇ?



ನಮ್ಮ ಸಮಾಜದಲ್ಲಿ ಓಡುವವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. 2023ರ ಏಪ್ರಿಲ್ 2ರಂದು ಜೀತೋ ಮಹಿಳಾ ವಿಭಾಗದವರು ದೇಶದ ಹಲವು ನಗರಗಳಲ್ಲಿ ಒಂದೇ ದಿನ ಅಹಿಂಸಾ ರನ್ ನಡೆಸಿದ ಮೇಲೆ, 3 ಕಿ.ಮೀ., 5 ಕಿ.ಮೀ. ಓಡಿದ ಅನೇಕರು ಅಲ್ಲಿಗೆ ನಿಲ್ಲಿಸಲಿಲ್ಲ. ಕೆಲವರು 10 ಕಿ.ಮೀ.ಗೆ ಹೋದರು, ಕೆಲವರು ಅರ್ಧ ಮ್ಯಾರಥಾನ್ ಅಂದರೆ 21 ಕಿ.ಮೀ.ಗೆ, ಇನ್ನು ಕೆಲವರು 42 ಕಿ.ಮೀ.ಯ ಪೂರ್ಣ ಮ್ಯಾರಥಾನಿಗೆ ಹೆಸರು ಕೊಡುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಇದರ ಜೊತೆಗೇ ಮನೆಮನೆಯಲ್ಲಿ ಒಂದು ವಾದ ಶುರುವಾಗಿದೆ. ತರಬೇತುದಾರರು ಮೊಟ್ಟೆ ತಿನ್ನು ಎನ್ನುತ್ತಾರೆ. ತಾಯಿ ಓಡುವುದೇ ಬೇಡ ಎನ್ನುತ್ತಾರೆ. ಮಗ ಅಥವಾ ಮಗಳು ಇಬ್ಬರ ಮಧ್ಯೆ ಸಿಕ್ಕಿ, ಹೊರಗೆ ಒಂದು ಊಟ, ಮನೆಯಲ್ಲಿ ಒಂದು ಊಟ ಎಂಬ ಸ್ಥಿತಿಗೆ ಬರುತ್ತಾರೆ.

ಈ ವಾದದಲ್ಲಿ ಎರಡು ಪಕ್ಷಗಳಿವೆ. ನಮ್ಮ ಆಹಾರದಲ್ಲಿ ಇಷ್ಟು ದೂರ ಓಡಲು ಆಗುವುದಿಲ್ಲ ಎನ್ನುವುದು ಒಂದು. ನಮ್ಮ ಆಹಾರವೇ ಶ್ರೇಷ್ಠ, ಅದಕ್ಕೆ ಏನನ್ನೂ ಸೇರಿಸಬೇಕಿಲ್ಲ, ಯಾವ ಪರೀಕ್ಷೆಯೂ ಬೇಡ ಎನ್ನುವುದು ಇನ್ನೊಂದು. ಎರಡರಿಂದಲೂ ನಮ್ಮ ಮಕ್ಕಳಿಗೆ ನಷ್ಟವಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಕೊಡುತ್ತೇನೆ.

ಓಡಿ ತೋರಿಸಿದವರು

ಸಸ್ಯಾಹಾರದಲ್ಲಿ ದೂರ ಓಡಬಹುದೇ ಎಂಬ ಪ್ರಶ್ನೆಗೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಐದು ಮೈಲಿ ಓಟದ ಚಿನ್ನ ಗೆದ್ದ ಬ್ರಿಟನ್ನಿನ ಎಮಿಲ್ ವಾಯ್ಟ್ ಸಸ್ಯಾಹಾರಿ. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಆಸ್ಟ್ರೇಲಿಯಾದ ಈಜುಗಾರ ಮರ್ರೆ ರೋಸ್ ಕೂಡ ಹಾಗೆಯೇ. ಅಮೆರಿಕದ ಸ್ಕಾಟ್ ಜುರೆಕ್ ಬೇಟೆ, ಮೀನುಗಾರಿಕೆಯ ಮನೆತನದಲ್ಲಿ ಬೆಳೆದವರು. ಹಾಲನ್ನೂ ಬಿಟ್ಟ ಪೂರ್ಣ ಸಸ್ಯಾಹಾರಕ್ಕೆ ಅವರು ಬಂದದ್ದು 1999ರಲ್ಲಿ. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ ಎಂಬ 161 ಕಿ.ಮೀ. ಬೆಟ್ಟದ ಓಟವನ್ನು ಅದೇ ವರ್ಷದಿಂದ 2005ರವರೆಗೆ ಸತತ ಏಳು ಬಾರಿ ಗೆದ್ದರು. 2015ರಲ್ಲಿ ಸುಮಾರು 3,500 ಕಿ.ಮೀ. ಉದ್ದದ ಅಪಲಾಚಿಯನ್ ಕಾಲುದಾರಿಯನ್ನು 46 ದಿನಗಳಲ್ಲಿ ಮುಗಿಸಿ ಆಗಿನ ದಾಖಲೆ ಮಾಡಿದರು. ಬ್ರಿಟನ್ನಿನ ಫಿಯೋನಾ ಓಕ್ಸ್ ಬಾಲ್ಯದಿಂದಲೇ ಪೂರ್ಣ ಸಸ್ಯಾಹಾರಿ. ಒಂದು ಮಂಡಿಚಿಪ್ಪು ಇಲ್ಲದಿದ್ದರೂ 2013ರಲ್ಲಿ ಉತ್ತರ ಧ್ರುವ ಮ್ಯಾರಥಾನಿನಲ್ಲಿ ಮಹಿಳೆಯರ ವಿಭಾಗ ಗೆದ್ದರು.

ನಮ್ಮವರಲ್ಲಿ ಫೌಜಾ ಸಿಂಗ್ ಹೆಸರು ಎಲ್ಲರಿಗೂ ಗೊತ್ತು. 89ನೇ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಓಡಿದ ಅವರು, 2011ರಲ್ಲಿ ಟೊರಾಂಟೊದಲ್ಲಿ ನೂರು ವರ್ಷದವರಾಗಿ 42 ಕಿ.ಮೀ. ಪೂರೈಸಿದರು. ಜನನ ಪತ್ರ ಇಲ್ಲದ್ದರಿಂದ ಗಿನ್ನೆಸ್‌ನವರು ಅದನ್ನು ದಾಖಲೆಯೆಂದು ಒಪ್ಪಲಿಲ್ಲ, ಆದರೆ ಓಡಿದ್ದನ್ನು ಜಗತ್ತು ನೋಡಿದೆ. 2025ರ ಜುಲೈ 14ರಂದು ಪಂಜಾಬಿನ ತಮ್ಮ ಊರಿನ ಬಳಿ ವಾಹನ ಡಿಕ್ಕಿಯಾಗಿ ತೀರಿಕೊಂಡರು. ಅವರ ಊಟ ರೊಟ್ಟಿ, ಬೇಳೆ, ಸೊಪ್ಪು ತರಕಾರಿ, ಹಾಲು, ಮೊಸರು. ಶುಂಠಿ ಚಹಾ ಕೂಡ ಇತ್ತು. ನಮ್ಮಲ್ಲಿ ಹಸಿ ಶುಂಠಿ ವರ್ಜ್ಯ, ಒಣಶುಂಠಿ ಆಗುತ್ತದೆ. ಅಷ್ಟು ಬಿಟ್ಟರೆ ಅವರ ತಟ್ಟೆ ನಮ್ಮ ತಟ್ಟೆಗೆ ಬಹಳ ಹತ್ತಿರ.

ಕೀನ್ಯಾದ ಓಟಗಾರರು ಮಾಂಸ ಬಿಟ್ಟವರಲ್ಲ. ಆದರೂ ಅವರ ಶಕ್ತಿಯ ಬಹುಪಾಲು ಬರುವುದು ಮೆಕ್ಕೆಜೋಳದ ಮುದ್ದೆ, ಹುರುಳಿಕಾಯಿ ಬೀಜ, ಸೊಪ್ಪು, ಸಕ್ಕರೆ ಹಾಕಿದ ಹಾಲಿನ ಚಹಾದಿಂದ. ದೂರದ ಓಟಕ್ಕೆ ಬೇಕಾದ ಇಂಧನ ಮುಖ್ಯವಾಗಿ ಧಾನ್ಯದ್ದು. ಆ ವಿಷಯದಲ್ಲಿ ನಾವು ಬಡವರಲ್ಲ.

ಆದರೆ ಇದರಿಂದ ಸಸ್ಯಾಹಾರಿಗಳು ಹೆಚ್ಚು ವೇಗವಾಗಿ ಓಡುತ್ತಾರೆ ಎಂದು ಹೇಳಿಕೊಳ್ಳಬಾರದು. ಕೆಲವು ವರ್ಷಗಳ ಹಿಂದೆ ಬಂದ ಒಂದು ಸಾಕ್ಷ್ಯಚಿತ್ರ ಆ ರೀತಿ ತುಂಬಾ ಹೇಳಿತು, ಅದರ ತುಣುಕುಗಳು ನಮ್ಮ ವಾಟ್ಸಪ್ ಗುಂಪುಗಳಲ್ಲಿ ಇಂದಿಗೂ ತಿರುಗುತ್ತವೆ. ಇದುವರೆಗೆ ನಡೆದ ಹೋಲಿಕೆಗಳಲ್ಲಿ ಎರಡು ಬಗೆಯ ಆಹಾರದವರ ಓಟದಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. ನಮಗೆ ಅಷ್ಟೇ ಸಾಕು. ನಾವು ಮಾಂಸ ತಿನ್ನದಿರುವುದು ಪದಕಕ್ಕಾಗಿ ಅಲ್ಲ, ಅಹಿಂಸೆಗಾಗಿ.

ಸಸ್ಯಾಹಾರ ಬೇರೆ, ಜೈನ ಆಹಾರ ಬೇರೆ

ಮೇಲೆ ಹೇಳಿದ ಯಾರೂ ಜೈನರಲ್ಲ. ಇದನ್ನು ಮರೆಯಬಾರದು. ಅವರಿಗೆ ಆಲೂಗಡ್ಡೆ ಇದೆ, ಬೀಟ್‌ರೂಟ್ ಇದೆ, ಮೊಳಕೆ ಕಾಳು ಇದೆ, ರಾತ್ರಿ ಊಟ ಇದೆ. ನಮ್ಮಲ್ಲಿ ಕಂದಮೂಲ ಇಲ್ಲ. ಕಟ್ಟುನಿಟ್ಟಿನವರಿಗೆ ಮೊಳಕೆ ಇಲ್ಲ. ಜೇನು ಇಲ್ಲ. ಹಸಿ ಮೊಸರು, ಮಜ್ಜಿಗೆಯ ಜೊತೆ ಬೇಳೆಕಾಳು ಸೇರಿಸಿದರೆ ದ್ವಿದಳ ದೋಷ. ಚಾತುರ್ಮಾಸದಲ್ಲಿ ಅನೇಕರಿಗೆ ಹಸಿರು ಸೊಪ್ಪೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅನಸ್ತಮಿತ ಪಾಲಿಸುವವರಿಗೆ ಸೂರ್ಯಾಸ್ತದ ನಂತರ ಊಟವಿಲ್ಲ, ಕೆಲವರಿಗೆ ನೀರೂ ಇಲ್ಲ.

ಇನ್ನೊಂದು ಕಡೆ, ಪೂರ್ಣ ಸಸ್ಯಾಹಾರಿಗಳು ಬಿಟ್ಟಿರುವ ಹಾಲು, ಮೊಸರು, ತುಪ್ಪ ನಮ್ಮ ಹೆಚ್ಚಿನ ಮನೆಗಳಲ್ಲಿ ಇವೆ. ಇಂದಿನ ಹೈನುಗಾರಿಕೆಯ ಹಿಂಸೆ ನೋಡಿ ಹಾಲನ್ನೂ ಬಿಡುತ್ತಿರುವ ಯುವಕರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅವರ ಭಾವನೆಯನ್ನು ಗೌರವಿಸಬೇಕು. ಆದರೆ ಕಂದಮೂಲವೂ ಇಲ್ಲ, ಹಾಲೂ ಇಲ್ಲ, ಮೊಳಕೆಯೂ ಇಲ್ಲ ಎಂದಾಗ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಹೀಗಾಗಿ ಅಂತರ್ಜಾಲದಲ್ಲಿ ಸಿಗುವ ಸಸ್ಯಾಹಾರಿ ಓಟಗಾರರ ಪಟ್ಟಿಯನ್ನು ಹಾಗೆಯೇ ತಂದು ನಮ್ಮ ಮನೆಯಲ್ಲಿ ನಡೆಸಲು ಆಗುವುದಿಲ್ಲ. ನಮ್ಮ ಲೆಕ್ಕವನ್ನು ನಾವೇ ಹಾಕಬೇಕು.

ಬೇಳೆಯ ಲೆಕ್ಕ

ಮೂವತ್ತು ವರ್ಷಕ್ಕೂ ಹೆಚ್ಚು ಬೇಳೆಕಾಳು ಅಳೆದುಕೊಟ್ಟವನಾದ್ದರಿಂದ ಇಷ್ಟು ಹೇಳಬಲ್ಲೆ: ನಮ್ಮ ಮನೆಗಳಲ್ಲಿ ಅಕ್ಕಿಯ ಖರ್ಚಿಗೆ ಹೋಲಿಸಿದರೆ ಬೇಳೆಯ ಖರ್ಚು ಬಹಳ ಕಡಿಮೆ. ದಿನವೂ ಸಾರು ಮಾಡುತ್ತೇವೆ, ಬೇಳೆ ತಿಂದೆವು ಎಂದುಕೊಳ್ಳುತ್ತೇವೆ. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ? ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸಾಮಾನ್ಯ ವಯಸ್ಕರಿಗೇ ದಿನಕ್ಕೆ 85 ಗ್ರಾಂ ಬೇಳೆಕಾಳು, 300 ಮಿ.ಲೀ. ಹಾಲು ಅಥವಾ ಮೊಸರು, 35 ಗ್ರಾಂ ಎಣ್ಣೆಬೀಜ ಮತ್ತು ಒಣಹಣ್ಣು ಎಂದಿದೆ. ಅದೂ ಬೇಯಿಸುವ ಮೊದಲಿನ ತೂಕ.

ದೂರದ ಓಟಕ್ಕೆ ತಯಾರಾಗುವವರಿಗೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ನಡುವಿನ ಲೆಕ್ಕದಲ್ಲಿ ದಿನಕ್ಕೆ 84 ಗ್ರಾಂ ಎಂದಿಟ್ಟುಕೊಳ್ಳೋಣ. ಇದನ್ನು ನಮ್ಮ ಅಡುಗೆಮನೆಯಿಂದಲೇ ತುಂಬಬಹುದು:

- ಬೇಳೆಕಾಳು (ತೊಗರಿ, ಹೆಸರು, ಹುರುಳಿ, ಕಡಲೆ) 100 ಗ್ರಾಂ: ಸುಮಾರು 22 ಗ್ರಾಂ
- ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ 300 ಗ್ರಾಂ: ಸುಮಾರು 27 ಗ್ರಾಂ
- ಹಾಲು, ಮೊಸರು ಅರ್ಧ ಲೀಟರ್: ಸುಮಾರು 16 ಗ್ರಾಂ
- ಕಡಲೆಬೀಜ 40 ಗ್ರಾಂ: ಸುಮಾರು 10 ಗ್ರಾಂ
- ಪನೀರ್ 50 ಗ್ರಾಂ: ಸುಮಾರು 9 ಗ್ರಾಂ

ಒಟ್ಟು 84. ಮೊಟ್ಟೆ ಬೇಕಾಗಿಲ್ಲ. ಪುಡಿಯ ಡಬ್ಬವೂ ಬೇಕಾಗಿಲ್ಲ. ಹಾಲು ಬಿಟ್ಟವರು ಸೋಯಾ ಮತ್ತು ಬೇಳೆಯ ಪ್ರಮಾಣ ಹೆಚ್ಚಿಸಬೇಕು. ರಾಗಿಯಲ್ಲಿ ಪ್ರೋಟೀನ್ ಹೆಚ್ಚಿಲ್ಲ, ಆದರೆ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಸುಣ್ಣಾಂಶ ಇದೆ. ಮೂಳೆಯ ಮೇಲೆ ಭಾರ ಬೀಳುವ ಓಟಗಾರರಿಗೆ ಅದು ಬೇಕೇ ಬೇಕು.

ಹುರಿಗಡಲೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಯಿರಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ದ್ವಿದಳ ನಿಯಮ ಇರುವವರು ಅದನ್ನು ನೀರಿನಲ್ಲಿ ಬೆಲ್ಲ, ಏಲಕ್ಕಿ ಹಾಕಿ ಕಲಸಿಕೊಂಡರೆ ಆಯಿತು. ಮಜ್ಜಿಗೆಯನ್ನು ಬೇರೆ ಹೊತ್ತಿಗೆ ಕುಡಿಯಬಹುದು.

ಹಸಿರು ಚುಕ್ಕೆ ಸಾಕೇ?

ಅಂಗಡಿಯಲ್ಲಿ ಸಿಗುವ ಓಟಗಾರರ ಜೆಲ್, ಬಾರ್, ಪುಡಿ ಕೊಳ್ಳುವಾಗ ನಮ್ಮವರು ಹಸಿರು ಚುಕ್ಕೆ ನೋಡಿ ತೃಪ್ತರಾಗುತ್ತಾರೆ. ಸರ್ಕಾರದ ನಿಯಮದಲ್ಲಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇವುಗಳನ್ನು ಹೊರಗಿಟ್ಟಿದ್ದಾರೆ. ಅಂದರೆ ಜೇನು ಹಾಕಿದ ಪದಾರ್ಥಕ್ಕೂ ಹಸಿರು ಚುಕ್ಕೆ ಬರುತ್ತದೆ. ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟವರು ನಾವು. ಆದ್ದರಿಂದ ಹಿಂಭಾಗದ ಸಣ್ಣ ಅಕ್ಷರ ಓದಲೇಬೇಕು. ಬೀಟ್‌ರೂಟ್ ಪುಡಿ, ಆಲೂಗಡ್ಡೆ ಪಿಷ್ಟ ಕೂಡ ಹಸಿರು ಚುಕ್ಕೆಯ ಒಳಗೇ ಇರುತ್ತವೆ.

ವೇ ಪ್ರೋಟೀನ್ ಚೀಸ್ ತಯಾರಿಕೆಯಲ್ಲಿ ಉಳಿಯುವ ನೀರಿನಿಂದ ಬರುತ್ತದೆ. ಹಾಲನ್ನು ಒಡೆಯಲು ಬಳಸಿದ ರೆನೆಟ್ ಕರುವಿನ ಹೊಟ್ಟೆಯದೋ, ಸೂಕ್ಷ್ಮಜೀವಿಯಿಂದ ತಯಾರಾದದ್ದೋ ಎಂದು ಕಂಪನಿಗೆ ಬರೆದು ಕೇಳಬೇಕು. ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್ ಆದರೆ ಅದು ಪ್ರಾಣಿಯ ಮೂಳೆ, ಚರ್ಮದಿಂದ ಬಂದದ್ದು. ವಿಟಮಿನ್ ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಇವಕ್ಕೆಲ್ಲ ಬದಲಿ ಸಿಗುತ್ತವೆ, ಆದರೆ ಕೇಳಿದವರಿಗೆ ಮಾತ್ರ.

ನಿಜ ಹೇಳಬೇಕೆಂದರೆ ಜೆಲ್‌ನ ಕೆಲಸವನ್ನು ನಮ್ಮ ಬೆಲ್ಲವೇ ಮಾಡುತ್ತದೆ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಸಾಮಾನ್ಯವಾಗಿ 30 ಕಿ.ಮೀ. ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ಅದಕ್ಕಾಗಿ ಒಂದೂವರೆ ಗಂಟೆಗಿಂತ ಹೆಚ್ಚು ಓಡುವವರು ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ತೆಗೆದುಕೊಳ್ಳಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, 30 ಗ್ರಾಂ ಬೆಲ್ಲದಲ್ಲಿ ಅಷ್ಟೇ. ಒಂದು ಲೀಟರ್ ಸೋಸಿದ ನೀರಿಗೆ 60 ಗ್ರಾಂ ಬೆಲ್ಲ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ ಹಾಕಿದ ಪಾನಕ, ಬಾಟಲಿಯಲ್ಲಿ ಮಾರುವ ಬಣ್ಣದ ನೀರಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ. ಖರ್ಜೂರ, ಚಿಕ್ಕಿ, ರವೆ ಉಂಡೆ ಕೂಡ ಆಗುತ್ತವೆ. ಇವನ್ನು ಓಟದ ದಿನ ಮೊದಲ ಬಾರಿ ತಿನ್ನದೆ, ಅಭ್ಯಾಸದ ದಿನಗಳಲ್ಲೇ ಹೊಟ್ಟೆಗೆ ರೂಢಿ ಮಾಡಿಸಬೇಕು.

ಗಡಿಯಾರದ ಕಷ್ಟ

ನನ್ನ ದೃಷ್ಟಿಯಲ್ಲಿ ನಮ್ಮ ಓಟಗಾರರಿಗೆ ನಿಜವಾದ ಕಷ್ಟ ಪ್ರೋಟೀನ್ ಅಲ್ಲ, ಸಮಯ. ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಸಂಜೆ 5.50ರ ಸುಮಾರಿಗೆ ಮುಳುಗಿ ಬೆಳಿಗ್ಗೆ 6.20ರ ಸುಮಾರಿಗೆ ಹುಟ್ಟುತ್ತಾನೆ. ಸೂರ್ಯೋದಯವಾಗಿ ಎರಡು ಘಳಿಗೆ, ಅಂದರೆ 48 ನಿಮಿಷ ಕಳೆದ ಮೇಲೆಯೇ ಬಾಯಿಗೆ ಏನಾದರೂ ಹಾಕುವವರಿಗೆ 13 ಗಂಟೆಗೂ ಹೆಚ್ಚು ಅಂತರ. ಕಚೇರಿಯಿಂದ ಏಳಕ್ಕೆ ಮನೆಗೆ ಬರುವ ಹುಡುಗ ಸಂಜೆಯ ಊಟವನ್ನು ಡಬ್ಬಿಯಲ್ಲಿ ಒಯ್ಯದಿದ್ದರೆ ಅವನಿಗೆ ಮಧ್ಯಾಹ್ನದ ಊಟವೇ ಕೊನೆಯ ಊಟ.

ರಾತ್ರಿಯ ಉಪವಾಸದಲ್ಲಿ ಯಕೃತ್ತಿನಲ್ಲಿರುವ ಸಕ್ಕರೆಯ ಸಂಗ್ರಹ ಇಳಿಯುತ್ತದೆ, ಸ್ನಾಯುವಿನಲ್ಲಿರುವುದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮುಂಜಾನೆ ಒಂದು ಗಂಟೆಯ ಹಗುರ ಓಟಕ್ಕೆ ಆರೋಗ್ಯವಂತರಿಗೆ ತೊಂದರೆ ಇಲ್ಲ. ಎರಡು, ಮೂರು ಗಂಟೆಯ ಓಟ ಬೇರೆ ಮಾತು. ಅದನ್ನು ಭಾನುವಾರ ಸೂರ್ಯೋದಯದ ನಂತರ, ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಮಾಡಬೇಕು. ಬೆಂಗಳೂರು, ಹಾಸನ, ಬೆಳಗಾವಿಯ ಹವೆಯಲ್ಲಿ ಇದು ಕಷ್ಟವಲ್ಲ. ಮೂಡುಬಿದಿರೆ, ಕಾರ್ಕಳದ ಸೆಖೆಯಲ್ಲಿ ಸ್ವಲ್ಪ ಕಷ್ಟ, ಅಲ್ಲಿ ದೂರವನ್ನೇ ಕಡಿಮೆ ಮಾಡಿಕೊಳ್ಳಬೇಕು. ಸ್ಪರ್ಧೆಗೆ ಮುಂಚಿನ ಎರಡು ದಿನ ಅನ್ನ, ಅವಲಕ್ಕಿ, ಚಪಾತಿ, ಬಾಳೆಹಣ್ಣು ಹೆಚ್ಚು ತಿನ್ನಬೇಕಾಗುತ್ತದೆ. ಬೇರೆಯವರು ಅದನ್ನು ರಾತ್ರಿಯ ಊಟದಲ್ಲಿ ಮಾಡುತ್ತಾರೆ, ನಾವು ಬೆಳಗಿನ ಮತ್ತು ಮಧ್ಯಾಹ್ನದ ಊಟದಲ್ಲಿ ಮಾಡಬೇಕು.

ದೊಡ್ಡ ಸ್ಪರ್ಧೆಗಳು ಕತ್ತಲಲ್ಲೇ ಶುರುವಾಗುತ್ತವೆ. ಜನವರಿಯ ಮೂರನೇ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್ ಇತ್ತೀಚಿನ ವರ್ಷಗಳಲ್ಲಿ ಬೆಳಿಗ್ಗೆ 5 ಗಂಟೆಗೆ ಹೊರಡುತ್ತದೆ. ಅಲ್ಲಿ ಆಗ ಸೂರ್ಯೋದಯ 7.15ರ ಸುಮಾರಿಗೆ. ನೀರಿನ ನಿಯಮವೂ ಇರುವವರು ಎರಡು ಗಂಟೆಗೂ ಹೆಚ್ಚು ಹೊತ್ತು ಒಂದು ಹನಿ ನೀರಿಲ್ಲದೆ ಓಡಬೇಕಾಗುತ್ತದೆ. ಇದು ಸಾಹಸವಲ್ಲ, ಅಪಾಯ. ಅಂಥವರಿಗೆ ದಾರಿ ಎರಡು. ಒಂದು, 10 ಕಿ.ಮೀ.ಗೆ ತೃಪ್ತಿ ಪಡುವುದು ಅಥವಾ ಬೆಳಕಾದ ಮೇಲೆ ಶುರುವಾಗುವ ಸ್ಪರ್ಧೆ ಆರಿಸುವುದು. ಎರಡು, ವ್ರತ ತೆಗೆದುಕೊಳ್ಳುವಾಗಲೇ ಗುರುಗಳ ಮುಂದೆ ವಿಷಯ ಹೇಳಿ ಮಿತಿ ಗೊತ್ತುಮಾಡಿಕೊಳ್ಳುವುದು. ನಮ್ಮ ಶಾಸ್ತ್ರದಲ್ಲಿ ಆಜೀವ ಪಾಲಿಸುವ ಯಮ ಬೇರೆ, ಕಾಲಮಿತಿಯ ನಿಯಮ ಬೇರೆ ಎಂಬ ಭೇದ ಇದ್ದೇ ಇದೆ. ವ್ರತ ಹಿಡಿದು ಗುಟ್ಟಾಗಿ ಮುರಿಯುವುದಕ್ಕಿಂತ ಶಕ್ತಿಗೆ ತಕ್ಕಷ್ಟು ಹಿಡಿದು ಪಾಲಿಸುವುದು ಮೇಲು.

ಪರ್ಯುಷಣದ ದಶಲಕ್ಷಣ ಪರ್ವ ಭಾದ್ರಪದದಲ್ಲಿ ಬರುತ್ತದೆ. ಮಳೆಗಾಲದ ಕೊನೆ ಮತ್ತು ಅದರ ನಂತರದ ಓಟಗಳಿಗೆ ತಯಾರಿ ಜೋರಾಗಿರುವುದು ಅದೇ ಸಮಯದಲ್ಲಿ. ಏಕಾಶನ, ಉಪವಾಸ ಮಾಡುತ್ತಾ 25 ಕಿ.ಮೀ. ಓಡುವ ಹುಚ್ಚು ಬೇಡ. ಪಂಚಾಂಗ ಮುಂದಿಟ್ಟುಕೊಂಡು ಜನವರಿಯಿಂದ ಮಾರ್ಚ್‌ವರೆಗಿನ ಸ್ಪರ್ಧೆ ಆರಿಸಿದರೆ, ಪರ್ವದ ದಿನಗಳಲ್ಲಿ ನಡಿಗೆಗೆ ಮಾತ್ರ ಸೀಮಿತವಾಗಿ, ಆಮೇಲೆ ನಿಧಾನವಾಗಿ ದೂರ ಹೆಚ್ಚಿಸಬಹುದು.

ನಮ್ಮ ಮುನಿಗಳು ದಿನಕ್ಕೊಂದು ಬಾರಿ ಆಹಾರ ಸ್ವೀಕರಿಸಿ ಬರಿಗಾಲಲ್ಲಿ ನೂರಾರು ಮೈಲಿ ವಿಹಾರ ಮಾಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ, 2024ರ ಫೆಬ್ರವರಿ 18ರಂದು ಡೊಂಗರಗಢದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರ ಮಹಾರಾಜರು ಉಪ್ಪು, ಸಕ್ಕರೆಗಳನ್ನೂ ತ್ಯಜಿಸಿದ್ದರು. ಅವರ ಸಾಮರ್ಥ್ಯಕ್ಕೆ ತಲೆಬಾಗಬೇಕು. ಆದರೆ ಅದು ದಶಕಗಳ ಸಾಧನೆ, ಈರ್ಯಾಸಮಿತಿಯಿಂದ ನೆಲ ನೋಡಿ ಇಡುವ ಹೆಜ್ಜೆ, ಗುರಿ ಕರ್ಮನಿರ್ಜರೆ. ಗಡಿಯಾರದ ವಿರುದ್ಧ ಓಡುವ ಗೃಹಸ್ಥನು ಅದನ್ನು ತನಗೆ ಉದಾಹರಣೆಯಾಗಿ ತೆಗೆದುಕೊಂಡರೆ ಮುನಿಧರ್ಮವನ್ನೂ ತಪ್ಪು ತಿಳಿದಂತೆ, ದೇಹವನ್ನೂ ಕೆಡಿಸಿಕೊಂಡಂತೆ.

ರಕ್ತಪರೀಕ್ಷೆಗೆ ನಾಚಿಕೆ ಬೇಡ

ನಮ್ಮ ಆಹಾರದಲ್ಲಿ ಏನೂ ಕಡಿಮೆ ಇಲ್ಲ ಎನ್ನುವವರಿಗೆ ಈಗ ಉತ್ತರ ಹೇಳಬೇಕು. ವಿಟಮಿನ್ ಬಿ12 ಸಸ್ಯಗಳಲ್ಲಿ ಇಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2.2 ಮೈಕ್ರೋಗ್ರಾಂ ಎಂಬುದು ನಮ್ಮ ದೇಶದ ಅಳತೆ. ಹಾಲು, ಮೊಸರಿನಲ್ಲಿ ಸ್ವಲ್ಪ ಇದೆ, ಆದರೆ ಒಂದು ಲೋಟ ಕಾಫಿಯ ಹಾಲಿನಿಂದ ಅದು ತುಂಬುವುದಿಲ್ಲ. ಕೊರತೆಯಾದರೆ ಸುಸ್ತು, ಪಾದದಲ್ಲಿ ಜೋಮು, ಮರೆವು ಬರುತ್ತವೆ. ಬಹುಕಾಲ ಬಿಟ್ಟರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು. ಮಾತ್ರೆಯಲ್ಲಿ ಬರುವ ಬಿ12 ಅನ್ನು ಸೂಕ್ಷ್ಮಜೀವಿಗಳ ಮೂಲಕ ತಯಾರಿಸುತ್ತಾರೆ, ಪ್ರಾಣಿಯನ್ನು ಕೊಂದು ಅಲ್ಲ. ಜೆಲಾಟಿನ್ ಕ್ಯಾಪ್ಸೂಲ್ ಬದಲು ಮಾತ್ರೆ ಕೊಡಿ ಎಂದು ಔಷಧಿ ಅಂಗಡಿಯಲ್ಲಿ ಕೇಳಬಹುದು.

ಕಬ್ಬಿಣಾಂಶದ ವಿಷಯ ಇನ್ನೂ ಗಂಭೀರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ, ಕರ್ನಾಟಕದಲ್ಲಿ ಶೇ. 47.8. ದೂರ ಓಡುವವರಲ್ಲಿ ಬೆವರಿನಿಂದ, ಪಾದ ನೆಲಕ್ಕೆ ಬಡಿಯುವಾಗ ಕೆಂಪು ರಕ್ತಕಣ ಒಡೆಯುವುದರಿಂದ ಕಬ್ಬಿಣ ಇನ್ನಷ್ಟು ಕಳೆಯುತ್ತದೆ. ಕಾಳು, ಸೊಪ್ಪಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಊಟಕ್ಕೆ ನಿಂಬೆರಸ, ನೆಲ್ಲಿಕಾಯಿ ಸೇರಿಸಿದರೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಬೇಕು. ಮೊಳಕೆ ಬರಿಸದವರು ಕಾಳನ್ನು ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೂ ಸ್ವಲ್ಪ ಉಪಯೋಗವಿದೆ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಓಡುವ ಮಗಳಿಗೆ ಮುಟ್ಟು ನಿಂತರೆ ಅಥವಾ ತಿಂಗಳುಗಟ್ಟಲೆ ತಪ್ಪಿದರೆ ಅದು ಓಟದಿಂದ ಆಗುವ ಸಹಜ ಬದಲಾವಣೆ ಎಂದು ಸುಮ್ಮನಿರಬೇಡಿ. ದೇಹಕ್ಕೆ ಖರ್ಚಿಗೆ ತಕ್ಕಷ್ಟು ಆಹಾರ ಸಿಗುತ್ತಿಲ್ಲ ಎಂಬ ಸೂಚನೆ ಅದು, ಮೂಳೆಗೂ ಪೆಟ್ಟು ಬೀಳುತ್ತದೆ. ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ ನಾಲ್ಕನ್ನು ವರ್ಷಕ್ಕೊಮ್ಮೆ ನೋಡಿಸುವುದು ಒಳ್ಳೆಯದು. ಕೊರತೆ ಬಂದರೆ ಧರ್ಮಕ್ಕೆ ಅವಮಾನವಾಯಿತು ಎಂದು ಮುಚ್ಚಿಡಬೇಡಿ. ಮಾಂಸ ತಿನ್ನುವವರಲ್ಲೂ ಈ ಕೊರತೆಗಳು ಇವೆ.

ಸಮಾಜ ಮಾಡಬೇಕಾದದ್ದು

ನಾನು ಸ್ವಯಂಸೇವಕನಾಗಿ ಓಟಗಳಲ್ಲಿ ನೀರಿನ ಮೇಜಿನ ಬಳಿ ನಿಂತಿದ್ದೇನೆ. ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆಯ ತಟ್ಟೆ ನೋಡಿ, "ಅಂಕಲ್, ಆಲೂ ಬಿಟ್ಟು ಬೇರೆ ಏನಾದರೂ ಇದೆಯಾ?" ಎಂದು ಕೇಳಿ, ಬರಿ ನೀರು ಕುಡಿದು ಓಡಿದ ಮಕ್ಕಳನ್ನು ನೋಡಿದ್ದೇನೆ. ಒಂದು ಗೊನೆ ಬಾಳೆಹಣ್ಣು ಇಟ್ಟರೆ ಮುಗಿಯುವ ವಿಷಯ ಅದು. ಕೇಳುವವರು ಇರಲಿಲ್ಲ, ಹಾಗಾಗಿ ಇಡುವವರೂ ಇರಲಿಲ್ಲ.

ಆದ್ದರಿಂದ ಜೈನ ಮಿಲನ್‌ಗಳು, ಜೀತೋ ಘಟಕಗಳು, ಬಸದಿಗಳ ಯುವಕ ಮಂಡಲಗಳು ಮತ್ತು ಮಹಿಳಾ ಸಮಾಜಗಳ ಮುಂದೆ ನನ್ನ ಕೆಲವು ಸೂಚನೆಗಳಿವೆ.

1. ನಾವೇ ನಡೆಸುವ ಓಟಗಳು ಸೂರ್ಯೋದಯದ ನಂತರ ಶುರುವಾಗಲಿ. ಅಹಿಂಸೆಯ ಹೆಸರಿನ ಓಟಕ್ಕೆ ಅನಸ್ತಮಿತದವರು ಬರಲಾಗದಿದ್ದರೆ ಅದು ಶೋಭೆಯಲ್ಲ.
2. ಊರಿನಲ್ಲಿ ಬೇರೆಯವರು ನಡೆಸುವ ಓಟಗಳಲ್ಲಿ ಒಂದು ಮೇಜನ್ನು ನಾವು ವಹಿಸಿಕೊಳ್ಳೋಣ. ಸೋಸಿದ ನೀರು, ಪಾನಕ, ಬಾಳೆಹಣ್ಣು, ಖರ್ಜೂರ, ಚಿಕ್ಕಿ ಇರಲಿ. ಎಲ್ಲರಿಗೂ ಕೊಡೋಣ. ಪ್ಲಾಸ್ಟಿಕ್ ಲೋಟ ಬೇಡ.
3. ಓಟಕ್ಕೆ ಎರಡು ತಿಂಗಳು ಮುಂಚೆ ಬಸದಿಯ ಆವರಣದಲ್ಲಿ ರಕ್ತಪರೀಕ್ಷೆಯ ಶಿಬಿರ ಇಡೋಣ. ರಕ್ತದಾನ ಶಿಬಿರ ನಡೆಸಿ ಅಭ್ಯಾಸವಿರುವ ನಮಗೆ ಇದು ಹೊಸದಲ್ಲ.
4. ನಮ್ಮ ವಿದ್ಯಾರ್ಥಿ ನಿಲಯಗಳಲ್ಲಿ ಓಡುವ ಮಕ್ಕಳಿದ್ದರೆ ಬೇಳೆ, ಹಾಲಿನ ಪ್ರಮಾಣ ಹೆಚ್ಚಿಸಲಿ, ಸಂಜೆಯ ಊಟ ಬೆಳಕಿರುವಾಗಲೇ ಸಿಗಲಿ.
5. ಸಮಾಜದಲ್ಲಿರುವ ವೈದ್ಯರು, ಆಹಾರ ತಜ್ಞರು ಸೇರಿ ಕಂದಮೂಲವಿಲ್ಲದ, ರಾತ್ರಿಯೂಟವಿಲ್ಲದ ಓಟಗಾರರ ಆಹಾರಪಟ್ಟಿಯನ್ನು ಕನ್ನಡದಲ್ಲಿ ತಯಾರಿಸಲಿ. ಹಾಲು ಬಿಟ್ಟವರಿಗೆ ಬೇರೆ ಪಟ್ಟಿ ಇರಲಿ.

ಭರತ ಬಾಹುಬಲಿಯರು ಸೈನ್ಯಗಳ ರಕ್ತ ಹರಿಸದೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧದಲ್ಲಿ ಬಲ ತೋರಿಸಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಯಾರಿಗೂ ನೋವಾಗದಂತೆ ಶಕ್ತಿ ಪರೀಕ್ಷಿಸುವ ಸಂಪ್ರದಾಯ ನಮ್ಮದು, ಓಟ ಅದಕ್ಕೆ ಹೊಂದುತ್ತದೆ. ಓಡಬೇಕೆನ್ನುವ ಮಗುವಿಗೆ ಬೇಡ ಎನ್ನುವ ಮೊದಲು ಮನೆಯಲ್ಲಿ ದಿನಕ್ಕೆ ಎಷ್ಟು ಗ್ರಾಂ ಬೇಳೆ ಬೇಯುತ್ತಿದೆ ಎಂದು ಒಮ್ಮೆ ತೂಗಿ ನೋಡಿ. ಮುಂದಿನ ಓಟದಲ್ಲಿ ಮೇಜು ಹಾಕಲು ಸಿದ್ಧರಿರುವ ಘಟಕಗಳು ಈಗಿನಿಂದಲೇ ತಮ್ಮ ಊರಿನ ಸಂಘಟಕರ ಜೊತೆ ಮಾತನಾಡಲಿ. ಓಟದ ಹಿಂದಿನ ದಿನ ಕೇಳಿದರೆ ಜಾಗ ಸಿಗುವುದಿಲ್ಲ.